ನೆಲ ಹಾಸುವ ಮುನ್ನ



ಮನೆ ಕಟ್ಟುವವರನ್ನು ನೀವೆಲ್ಲರೂ ನೋಡಿದ್ದೀರಿ. ಪಾಯ ತೆಗೆಯುವಾಗ ಎಲ್ಲರಿಗೂ ಉತ್ಸಾಹ. ಗೋಡೆ ಏರುವಾಗ ದಿನಕ್ಕೊಂದು ಲೆಕ್ಕ. ತಾರಸಿ ಹಾಕಿದ ದಿನ ಕೆಲಸದವರಿಗೆಲ್ಲ ಸಿಹಿ ಊಟ. ಇಷ್ಟೆಲ್ಲ ಮುಗಿದ ಮೇಲೆ ಕಡೆಗೆ ಬರುವುದು ನೆಲದ ಸರದಿ. ಅಷ್ಟು ಹೊತ್ತಿಗೆ ಕೈಯಲ್ಲಿದ್ದ ಹಣ ಬಹುಪಾಲು ಕರಗಿರುತ್ತದೆ, ಗೃಹಪ್ರವೇಶದ ಮುಹೂರ್ತವೂ ಹತ್ತಿರ ಬಂದಿರುತ್ತದೆ. 'ಯಾವುದಾದರೊಂದು ಹಾಕಿ, ಬೇಗ ಮುಗಿಸಿ' ಎಂಬ ಮಾತು ಹೊರಡುವುದು ಆಗಲೇ. ಹೀಗೆ ಅವಸರದಲ್ಲಿ ಹಾಕಿದ ನೆಲದ ಮೇಲೆ ಆ ಕುಟುಂಬ ಮುಂದಿನ ಇಪ್ಪತ್ತು, ಮೂವತ್ತು ವರ್ಷ ನಡೆದಾಡಬೇಕು. ಮಗು ಅಂಬೆಗಾಲಿಡುವುದು ಅಲ್ಲೇ, ಅಜ್ಜಿ ಊರುಗೋಲು ಊರುವುದೂ ಅಲ್ಲೇ.

ದಾವಣಗೆರೆ, ಹರಿಹರಗಳ ಸುತ್ತಿನ ಒಂದು ಸಾಧಾರಣ ಮನೆಗೆ ನೆಲ ಹಾಸುವ ಕೆಲಸವನ್ನು ಹೇಗೆ ಯೋಜಿಸಬೇಕು ಎಂಬುದೇ ಇಂದಿನ ವಿಷಯ. ಇದು ದೊಡ್ಡವರ ವಿಷಯ, ನಮಗೇಕೆ ಎಂದು ನೀವು ಕೇಳಬಹುದು. ಈ ಕೆಲಸಕ್ಕೆ ಬೇಕಾದ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನಗಳೆಲ್ಲ ನಿಮ್ಮ ಶಾಲೆಯ ಪುಸ್ತಕದಲ್ಲೇ ಇವೆ. ಒಂದು ಅಳತೆ ಟೇಪು, ಒಂದು ಚೌಕುಳಿ ಕಾಗದ, ಒಂದು ಪೆನ್ಸಿಲು ಇದ್ದರೆ ನಿಮ್ಮ ಮನೆಯವರ ದುಡ್ಡನ್ನೂ ನೆಮ್ಮದಿಯನ್ನೂ ನೀವು ಉಳಿಸಿಕೊಡಬಲ್ಲಿರಿ.

ಮೊದಲು ನಮ್ಮ ಊರುಗಳ ಮಣ್ಣನ್ನು ನೋಡೋಣ. ದಾವಣಗೆರೆ 1997ರಲ್ಲಿ ಜಿಲ್ಲಾ ಕೇಂದ್ರವಾಯಿತು. ಅಲ್ಲಿಂದ ಸುಮಾರು 14 ಕಿಲೋಮೀಟರು ದೂರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಹರಿಹರವಿದೆ. ಈ ಭಾಗದಲ್ಲಿ ಕೆಲವು ಕಡೆ ಕೆಂಪು ಮಣ್ಣು, ಕೆಲವು ಕಡೆ ಎರೆ ಮಣ್ಣು. ಹತ್ತಿಗೆ ಹೇಳಿ ಮಾಡಿಸಿದ ಈ ಕಪ್ಪು ನೆಲದ ಕೃಪೆಯಿಂದಲೇ ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರೆಂದು, ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಯಿತು. ಆದರೆ ಬೆಳೆಗೆ ತಾಯಿಯಾದ ಎರೆಮಣ್ಣು ಕಟ್ಟಡಕ್ಕೆ ಅಷ್ಟು ಒಳ್ಳೆಯ ನೆಂಟನಲ್ಲ.

ಕಾರಣ ಸರಳ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ಅದರ ಕಣಗಳು ಪದರ ಪದರವಾಗಿರುತ್ತವೆ. ಮಳೆಗಾಲದಲ್ಲಿ ಆ ಪದರಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಆರಿ ಕುಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕುಗಳನ್ನು ಕಂಡಿದ್ದೀರಲ್ಲ, ಅದೇ ಮಣ್ಣನ್ನು ಮನೆಯೊಳಗೆ ತುಂಬಿ ಅದರ ಮೇಲೆ ಎಷ್ಟೇ ಬೆಲೆಯ ಕಲ್ಲು ಹಾಸಿದರೂ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೆಲ ಉಬ್ಬುತ್ತದೆ, ಸಂದುಗಳು ಬಾಯಿ ಬಿಡುತ್ತವೆ. ಆಗ ನಾವು ಟೈಲ್ಸ್ ಕಳಪೆ ಎನ್ನುತ್ತೇವೆ, ಗೌಂಡಿಯ ಕೆಲಸ ಸರಿಯಿಲ್ಲ ಎನ್ನುತ್ತೇವೆ. ದೋಷ ಇರುವುದು ಕಣ್ಣಿಗೆ ಕಾಣದ ಕೆಳಗಿನ ಪದರದಲ್ಲಿ.

ಪಾಯದಿಂದ ತೆಗೆದ ಎರೆಮಣ್ಣನ್ನು ಮತ್ತೆ ಒಳಗೆ ತುಂಬಬಾರದು ಎಂಬುದು ಇದರಿಂದ ಕಲಿಯಬೇಕಾದ ಮೊದಲ ಪಾಠ. ನೆಲದ ಭಾಗದಲ್ಲಿರುವ ಎರೆಮಣ್ಣನ್ನು ಸಾಧ್ಯವಿದ್ದಷ್ಟು ತೆಗೆದು, ಉಬ್ಬದ ಗರಸು ಮಣ್ಣನ್ನು ತುಂಬಬೇಕು. ಅದನ್ನೂ ಒಮ್ಮೆಗೇ ಸುರಿಯಬಾರದು. ಆರರಿಂದ ಎಂಟು ಇಂಚಿನ ಪದರ ಹರಡಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದು ಗಟ್ಟಿ ಮಾಡಿ, ಅನಂತರ ಮುಂದಿನ ಪದರ ಹಾಕಬೇಕು. ಸಡಿಲ ಮಣ್ಣಿನಲ್ಲಿ ಕಣಗಳ ನಡುವೆ ಗಾಳಿ ಇರುತ್ತದೆ. ಇಂದು ನಾವು ಹೊರಹಾಕದ ಗಾಳಿ ನಾಳೆ ತಾನಾಗಿ ಹೊರಡುತ್ತದೆ, ಆಗ ನೆಲ ಕುಸಿಯುತ್ತದೆ.

ಇನ್ನು ತೇವದ ಮಾತು. ಭದ್ರಾ ನಾಲೆಯ ನೀರುಂಡು ಭತ್ತ ಬೆಳೆಯುವ ಗದ್ದೆಗಳ ಪಕ್ಕದಲ್ಲಿ, ಹೊಳೆಯ ದಂಡೆಯ ತಗ್ಗಿನಲ್ಲಿ ನೆಲದೊಳಗಿನ ತೇವ ಹೆಚ್ಚು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನ ಸಣ್ಣ ರಂಧ್ರಗಳಲ್ಲಿ ನೀರು ಮೇಲೇರುತ್ತದೆ. ಇದನ್ನು ಕೇಶಾಕರ್ಷಣೆ ಎಂದು ನೀವು ಓದಿದ್ದೀರಿ. ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಕಾಣಿಸಿಕೊಂಡು ಸುಣ್ಣ ಉದುರುವುದು ಇದೇ ಕಾರಣದಿಂದ. ಸುತ್ತಲಿನ ನೆಲಕ್ಕಿಂತ ಮನೆಯ ನೆಲ ಕನಿಷ್ಠ 45 ಸೆಂಟಿಮೀಟರು, ಅಂದರೆ ಒಂದೂವರೆ ಅಡಿ, ಎತ್ತರದಲ್ಲಿರಬೇಕೆಂದು ನಮ್ಮ ದೇಶದ ಕಟ್ಟಡ ಸಂಹಿತೆ ಹೇಳುತ್ತದೆ. ಮುಂದೆ ರಸ್ತೆಗೆ ಮೇಲಿಂದ ಮೇಲೆ ಡಾಂಬರು, ಕಾಂಕ್ರೀಟು ಬಿದ್ದು ಅದು ಎತ್ತರವಾಗುತ್ತಲೇ ಹೋಗುತ್ತದೆ. ಅದನ್ನೂ ಎಣಿಸಿ ಇನ್ನೂ ಅರ್ಧ ಅಡಿ ಹೆಚ್ಚಿಟ್ಟುಕೊಳ್ಳುವುದು ಜಾಣತನ. ಗರಸಿನ ಮೇಲೆ ದಪ್ಪನೆಯ ಪಾಲಿಥೀನ್ ಹಾಳೆ ಹಾಸಿ, ಅದರ ಮೇಲೆ ನಾಲ್ಕು ಇಂಚು ದಪ್ಪದ ಜಲ್ಲಿ ಕಾಂಕ್ರೀಟು ಹಾಕಿದರೆ ತೇವಕ್ಕೆ ತಡೆ ಬೀಳುತ್ತದೆ. ಸಾಮಾನ್ಯವಾಗಿ ಈ ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಮರಳು, ಎಂಟು ಪಾಲು ಜಲ್ಲಿ ಬೆರೆಸುತ್ತಾರೆ.

ಮರಳಿನ ಪರೀಕ್ಷೆಯನ್ನು ನೀವೇ ಮಾಡಬಹುದು. ಒಂದು ಗಾಜಿನ ಬಾಟಲಿಯಲ್ಲಿ ಅರ್ಧದಷ್ಟು ಮರಳು ಹಾಕಿ, ಮುಕ್ಕಾಲಿನವರೆಗೆ ನೀರು ತುಂಬಿ, ಚಿಟಿಕೆ ಉಪ್ಪು ಬೆರೆಸಿ, ಚೆನ್ನಾಗಿ ಕುಲುಕಿ ಕೆಲವು ಗಂಟೆ ಕದಲಿಸದೆ ಇಡಿ. ಮರಳು ಕೆಳಗೆ ಕೂರುತ್ತದೆ, ಅದರ ಮೇಲೆ ಮಣ್ಣು ತೆಳು ಪದರವಾಗಿ ನಿಲ್ಲುತ್ತದೆ. ಆ ಪದರದ ಎತ್ತರ ಮರಳಿನ ಎತ್ತರದ ಶೇಕಡಾ 8ನ್ನು ಮೀರಿದರೆ ಆ ಮರಳನ್ನು ತೊಳೆಯದೆ ಬಳಸಬಾರದು. ಒಂದು ಕಾಲಕ್ಕೆ ಈ ಭಾಗದ ಕಟ್ಟಡಗಳಿಗೆ ತುಂಗಭದ್ರೆಯ ಮರಳೇ ಆಧಾರ. ಹೊಳೆಯ ಒಡಲು ಬರಿದಾಗುವುದನ್ನು ತಡೆಯಲು ನಿಯಮಗಳು ಬಿಗಿಯಾದ ಮೇಲೆ ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ಬಳಕೆ ಹೆಚ್ಚಿದೆ. ಅದನ್ನೂ ಹೀಗೆಯೇ ಪರೀಕ್ಷಿಸಿ ನೋಡಬಹುದು. ಅಲ್ಲಿ ಮಣ್ಣಿನ ಬದಲು ಕಲ್ಲಿನ ನುಣ್ಣನೆಯ ಧೂಳು ಮೇಲೆ ನಿಲ್ಲುತ್ತದೆ.

ಬುನಾದಿ ಸಿದ್ಧವಾಯಿತು. ಈಗ ಮೇಲಿನ ಹಾಸು ಯಾವುದಿರಬೇಕು?

ನಮ್ಮ ಹಿರಿಯರ ಮನೆಗಳಲ್ಲಿ ಪಡಸಾಲೆಗೂ ನಡುಮನೆಗೂ ಸಗಣಿ ಸಾರಿಸಿದ ಮಣ್ಣಿನ ನೆಲವಿತ್ತು, ಬಚ್ಚಲಿಗೂ ಕೊಟ್ಟಿಗೆಗೂ ಬಂಡೆ ಹಾಸಿರುತ್ತಿತ್ತು. ಎಲ್ಲಿ ನೀರು ಬೀಳುತ್ತದೆ, ಎಲ್ಲಿ ಭಾರ ಬೀಳುತ್ತದೆ ಎಂದು ನೋಡಿ ಹಾಸು ಆರಿಸುವ ಕ್ರಮ ಅದು. ಇವತ್ತಿಗೂ ಅದೇ ಸರಿಯಾದ ಕ್ರಮ. ಹರಿಹರೇಶ್ವರ ದೇವಾಲಯವನ್ನು ನೀವು ನೋಡಿರಬಹುದು. ಹೊಯ್ಸಳ ಅರಸ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯದು. ಎಂಟು ಶತಮಾನಗಳ ಭಕ್ತರ ಪಾದ ತಾಳಿಕೊಂಡದ್ದು ಕಲ್ಲು. ಕಲ್ಲಿನ ಬಾಳಿಕೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಲ್ಲುಗಳಲ್ಲಿ ಮೊದಲನೆಯದು ಶಹಾಬಾದ್ ಕಲ್ಲು. ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರು ಹೊತ್ತ ಈ ಫರಸಿ ಕಲ್ಲು ಸುಣ್ಣಕಲ್ಲಿನ ಜಾತಿಯದು. ಆಂಧ್ರದ ಕಡಪ ಕಲ್ಲೂ, ತೆಲಂಗಾಣದ ತಾಂಡೂರು ಕಲ್ಲೂ ಇದೇ ಬಳಗದವು. ಇವು ಸಹಜವಾಗಿ ಚಪ್ಪಡಿಯಾಗಿ ಬಿಡಿಸಿಕೊಳ್ಳುತ್ತವೆ, ಅಗ್ಗ, ಕಾಲಿಗೆ ತಂಪು. ಆದರೆ ಸುಣ್ಣಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಾಕಿದರೆ ಅದು ಕರಗಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ನಿಂಬೆರಸ, ಹುಣಿಸೆಹುಳಿ ಬಿದ್ದಲ್ಲಿ ಹೊಳಪು ಹೋಗಿ ಕಲೆ ಉಳಿಯುವುದು ಅದಕ್ಕಾಗಿ. ಬಚ್ಚಲು ತೊಳೆಯುವ ಆಸಿಡ್ಡನ್ನು ಇಂಥ ನೆಲಕ್ಕೆ ಸೋಕಿಸಲೇಬಾರದು. ಗ್ರಾನೈಟಿಗೆ ಈ ಭಯವಿಲ್ಲ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೆಂಪು ಛಾಯೆಯ ಗ್ರಾನೈಟ್, ಚಾಮರಾಜನಗರದ ಕಪ್ಪು ಗ್ರಾನೈಟ್ ಹೆಸರಾದವು. ಬೆಲೆ ಮಾತ್ರ ಹೆಚ್ಚು.

ಎರಡನೆಯದು ರೆಡ್ ಆಕ್ಸೈಡ್ ನೆಲ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಪುಡಿ ಬೆರೆಸಿ, ಕರಣೆಯಿಂದ ಉಜ್ಜಿ ಉಜ್ಜಿ ಹೊಳಪು ಬರಿಸುವ ಕೆಲಸ. ಚೆನ್ನಾಗಿ ಮಾಡಿದ ಕೆಂಪು ನೆಲ ವರ್ಷ ಕಳೆದಂತೆ ಹೆಚ್ಚು ಹೊಳೆಯುತ್ತದೆ. ಸಂದುಗಳಿಲ್ಲ, ಕೊಳೆ ಕೂರುವುದಿಲ್ಲ. ಆದರೆ ಇದಕ್ಕೆ ಕೈ ಪಳಗಿದ ಗಾರೆಯವರು ಬೇಕು, ಕೆಳಗಿನ ನೆಲ ಕೂದಲೆಳೆಯಷ್ಟೂ ಕದಲಬಾರದು. ಎರೆಮಣ್ಣಿನ ಮೇಲೆ ಇದನ್ನು ಮಾಡಿಸುವವರು ಎರಡು ಬಾರಿ ಯೋಚಿಸಬೇಕು.

ಮೂರನೆಯದು ಟೈಲ್ಸ್. ಕರ್ನಾಟಕಕ್ಕೆ ಸುಟ್ಟ ಹಂಚು ಹೊಸದಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲೇ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಿದ್ದರು. ಈಗ ದಾವಣಗೆರೆಯ ಅಂಗಡಿಗಳಲ್ಲಿ ಕಾಣುವ ಟೈಲ್ಸ್ ಬಹುಪಾಲು ಗುಜರಾತಿನ ಮೋರ್ಬಿಯಿಂದ ಬರುತ್ತವೆ. ಇವುಗಳಲ್ಲಿ ವಿಟ್ರಿಫೈಡ್ ಎಂಬ ಬಗೆ ಗಾಜಿನಂತೆ ಗಟ್ಟಿ. ಅಂತರರಾಷ್ಟ್ರೀಯ ಮಾನದಂಡದಂತೆ ಈ ವರ್ಗದ ಟೈಲು ತನ್ನ ತೂಕದ ಶೇಕಡಾ ಅರ್ಧಕ್ಕಿಂತ ಹೆಚ್ಚು ನೀರು ಹೀರಬಾರದು. ಗೋಡೆಗೆಂದೇ ಮಾಡಿದ ಟೈಲು ಶೇಕಡಾ 10ಕ್ಕಿಂತ ಹೆಚ್ಚು ಹೀರುತ್ತದೆ. ಅಗ್ಗವೆಂದು ಗೋಡೆಯ ಟೈಲನ್ನು ನೆಲಕ್ಕೆ ಹಾಕಿದರೆ ಏನಾದೀತು ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಟೈಲ್ಸ್ ಆರಿಸುವಾಗ ಹೊಳಪಿಗೆ ಮರುಳಾಗಬೇಡಿ. ಕನ್ನಡಿಯಂಥ ನೆಲದ ಮೇಲೆ ನೀರು ಬಿದ್ದರೆ ಕಾಲಿಗೂ ನೆಲಕ್ಕೂ ನಡುವಿನ ಘರ್ಷಣೆ ತೀರ ಕಡಿಮೆಯಾಗುತ್ತದೆ. ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಮೊದಲಿನಂತೆ ಓಡಾಡುವುದು ಕಷ್ಟ. ಅಂಗಡಿಯಲ್ಲಿ ಟೈಲನ್ನು ನೆಲದ ಮೇಲಿಡಿಸಿ, ನೀರು ಸುರಿದು, ಬರಿಗಾಲಿನಿಂದ ಉಜ್ಜಿ ನೋಡಿ. ಅಂಗಡಿಯವರು ಬೇಡವೆನ್ನಲಾರರು. ಬಚ್ಚಲು, ಅಡುಗೆಮನೆ, ಮುಂಬಾಗಿಲ ಮೆಟ್ಟಿಲು, ಈ ಮೂರು ಕಡೆ ಒರಟು ಮೈಯ ಟೈಲೇ ಇರಲಿ.

ಈಗ ಲೆಕ್ಕಕ್ಕೆ ಬರೋಣ. ಹರಿಹರದಂಥ ಪಟ್ಟಣದಲ್ಲಿ ಒಂದು ಮನೆ ಇದೆಯೆಂದು ಇಟ್ಟುಕೊಳ್ಳಿ. ಪಡಸಾಲೆ 12 ಅಡಿಗೆ 16 ಅಡಿ, ತಲಾ 10 ಅಡಿಗೆ 12 ಅಡಿಯ ಎರಡು ಕೋಣೆ, 8 ಅಡಿಗೆ 10 ಅಡಿಯ ಅಡುಗೆಮನೆ. ಬಚ್ಚಲು ಹಿತ್ತಲಿನಲ್ಲಿ ಬೇರೆಯಾಗಿದೆ. ಪಡಸಾಲೆ 192 ಚದರ ಅಡಿ, ಕೋಣೆಗಳು 240, ಅಡುಗೆಮನೆ 80. ಒಟ್ಟು 512 ಚದರ ಅಡಿ. ಎರಡಡಿ ಚೌಕದ ಟೈಲು ಪೆಟ್ಟಿಗೆಗೆ ನಾಲ್ಕು, ಅಂದರೆ 16 ಚದರ ಅಡಿ. 512ನ್ನು 16ರಿಂದ ಭಾಗಿಸಿದರೆ 32 ಪೆಟ್ಟಿಗೆ. ಬಾಯಿಲೆಕ್ಕ ಇಲ್ಲಿಗೆ ಮುಗಿಯುತ್ತದೆ.

ಕಾಗದದ ಲೆಕ್ಕ ಮಾಡಿ ನೋಡೋಣ. ಎರಡಡಿಯ ಟೈಲೆಂದು ಕರೆಯುವುದು ನಿಜವಾಗಿ 60 ಸೆಂಟಿಮೀಟರು, ಎರಡಡಿಗೆ ಒಂದು ಸೆಂಟಿಮೀಟರು ಕಡಿಮೆ. ಹಾಗಾಗಿ ಪೆಟ್ಟಿಗೆಗೆ ಬರುವುದು ಸುಮಾರು 15.5 ಚದರ ಅಡಿ. ಗೋಡೆಯ ಬುಡಕ್ಕೆ ನಾಲ್ಕು ಇಂಚಿನ ಪಟ್ಟಿ, ಅಂದರೆ ಸ್ಕರ್ಟಿಂಗ್ ಬೇಕು. ಎಲ್ಲ ಕೋಣೆಗಳ ಸುತ್ತಳತೆ 180 ಅಡಿ. ಬಾಗಿಲುಗಳಿಗೆ 24 ಅಡಿ ಕಳೆದರೆ 156 ಅಡಿ. ಅದನ್ನು ಅಡಿಯ ಮೂರನೇ ಒಂದು ಭಾಗದಿಂದ ಗುಣಿಸಿದರೆ 52 ಚದರ ಅಡಿ. 512ಕ್ಕೆ ಸೇರಿಸಿದರೆ 564. ಕತ್ತರಿಸುವಾಗ ಒಡೆಯುವುದಕ್ಕೂ ಮುಂದೆ ದುರಸ್ತಿಗೆ ಬೇಕಾಗುವುದಕ್ಕೂ ಶೇಕಡಾ 10 ಸೇರಿಸಿದರೆ ಸುಮಾರು 620. ಇದನ್ನು 15.5ರಿಂದ ಭಾಗಿಸಿದರೆ ನಲವತ್ತಕ್ಕೆ ತುಸು ಹೆಚ್ಚು. ಪೆಟ್ಟಿಗೆ ಒಡೆದು ಕೊಡುವುದಿಲ್ಲವಾದ್ದರಿಂದ 41 ಪೆಟ್ಟಿಗೆ.

ಬಾಯಿಲೆಕ್ಕಕ್ಕೂ ಕಾಗದದ ಲೆಕ್ಕಕ್ಕೂ 9 ಪೆಟ್ಟಿಗೆ ವ್ಯತ್ಯಾಸ. ಕಡಿಮೆ ಬಿದ್ದರೆ ಮತ್ತೆ ತಂದರಾಯಿತಲ್ಲ ಎನ್ನಬಹುದು. ಆದರೆ ಟೈಲ್ಸನ್ನು ಭಟ್ಟಿಯಲ್ಲಿ ತಂಡ ತಂಡವಾಗಿ ಸುಡುತ್ತಾರೆ. ಒಂದು ತಂಡದ ಬಣ್ಣಕ್ಕೂ ಇನ್ನೊಂದರ ಬಣ್ಣಕ್ಕೂ ಅಳತೆಗೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಪೆಟ್ಟಿಗೆಯ ಮೇಲೆ ತಂಡದ ಸಂಖ್ಯೆಯನ್ನೂ ಛಾಯೆಯ ಸಂಖ್ಯೆಯನ್ನೂ ಅಚ್ಚು ಮಾಡಿರುತ್ತಾರೆ. ತಿಂಗಳು ಬಿಟ್ಟು ಹೋದರೆ ಅದೇ ಸಂಖ್ಯೆ ಸಿಗುವುದು ಅಪರೂಪ. ಎಲ್ಲ ಪೆಟ್ಟಿಗೆಗಳ ಸಂಖ್ಯೆ ಒಂದೇ ಇದೆಯೇ ಎಂದು ಲಾರಿಯಿಂದ ಇಳಿಸುವ ಮುನ್ನವೇ ನೋಡಿಕೊಳ್ಳಿ. ಈ ಕೆಲಸವನ್ನು ಮನೆಯ ಚಿಕ್ಕವರಿಗೆ ಒಪ್ಪಿಸಬಹುದು.

ಚೌಕುಳಿ ಕಾಗದದ ಮೇಲೆ ಕೋಣೆಯ ನಕ್ಷೆ ಬರೆದು ಟೈಲ್ಸ್ ಜೋಡಿಸಿ ನೋಡುವುದರಿಂದ ಇನ್ನೊಂದು ಲಾಭವಿದೆ. 12 ಅಡಿ ಎಂದರೆ 366 ಸೆಂಟಿಮೀಟರು. ಒಂದು ಗೋಡೆಯಿಂದ ಶುರು ಮಾಡಿ ಆರು ಟೈಲ್ಸ್ ಇಟ್ಟರೆ 360 ಆಗುತ್ತದೆ, ಸಂದುಗಳನ್ನು ಬಿಟ್ಟರೆ ಎದುರು ಗೋಡೆಯ ಬುಡದಲ್ಲಿ ಸುಮಾರು 5 ಸೆಂಟಿಮೀಟರಿನ ಸಪೂರ ಪಟ್ಟಿ ಉಳಿಯುತ್ತದೆ. ಅಷ್ಟು ತೆಳುವಾಗಿ ಕತ್ತರಿಸುವಾಗ ಟೈಲು ಒಡೆಯುತ್ತದೆ, ನೋಡಲೂ ಚೆಂದವಿಲ್ಲ. ಅದರ ಬದಲು ನಡುವಿನಿಂದ ಜೋಡಿಸಿ ಐದು ಇಡೀ ಟೈಲ್ಸ್ ಇಟ್ಟರೆ ಎರಡೂ ಬದಿಗೆ ಅರ್ಧಕ್ಕಿಂತ ಹೆಚ್ಚು ಅಗಲದ ತುಂಡುಗಳು ಬರುತ್ತವೆ.

ಕೋಣೆ ಮೂಲೆಮಟ್ಟಕ್ಕೆ ಸರಿಯಾಗಿದೆಯೇ ಎಂದು ತಿಳಿಯಲು ಮೂಲೆಯಿಂದ ಒಂದು ಗೋಡೆಗುಂಟ 3 ಅಡಿ, ಇನ್ನೊಂದು ಗೋಡೆಗುಂಟ 4 ಅಡಿ ಗುರುತು ಮಾಡಿ. ಆ ಎರಡು ಗುರುತುಗಳ ನಡುವಿನ ದೂರ ಸರಿಯಾಗಿ 5 ಅಡಿ ಇದ್ದರೆ ಮೂಲೆ ಲಂಬಕೋನ. ಪೈಥಾಗೊರಸ್ ಪ್ರಮೇಯವೆಂದು ನೀವು ಕಲಿತದ್ದು, ನಮ್ಮ ಶುಲ್ಬಸೂತ್ರಕಾರ ಬೌಧಾಯನ ಯಜ್ಞವೇದಿಯ ಅಳತೆಗೆ ಹೇಳಿದ್ದು ಇದನ್ನೇ. ಶಾಲೆಗೇ ಹೋಗದ ಗೌಂಡಿಯೂ ದಾರ ಹಿಡಿದು ಈ ಪ್ರಮೇಯವನ್ನು ದಿನವೂ ಸಾಧಿಸಿ ತೋರಿಸುತ್ತಾನೆ. ಅವನು ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಮನೆಯ ಎಲ್ಲ ಗೋಡೆಗಳ ಮೇಲೂ ಒಂದೇ ಮಟ್ಟದ ಗೆರೆ ಹಾಕುವುದನ್ನು ಗಮನಿಸಿ. ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ.

ಬಚ್ಚಲಿನ ನೆಲ ಮಾತ್ರ ಮಟ್ಟವಾಗಿರಬಾರದು. ಪ್ರತಿ ಅಡಿಗೆ ಕಾಲು ಇಂಚಿನಂತೆ ನೀರು ಹೋಗುವ ಕಡೆಗೆ ಇಳಿಜಾರು ಬೇಕು. ಆರು ಅಡಿ ಉದ್ದದ ಬಚ್ಚಲಿಗೆ ಒಂದೂವರೆ ಇಂಚು. ಟೈಲ್ಸ್ ಹಾಕುವ ಮುನ್ನ ನೀರು ಹೋಗುವ ತೂತು ಮುಚ್ಚಿ, ನೀರು ನಿಲ್ಲಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟು ಎಲ್ಲಾದರೂ ಜಿನುಗುತ್ತದೆಯೇ ನೋಡಬೇಕು.

ಹಳೆಯ ಮನೆಗೆ ಹೊಸ ನೆಲ ಹಾಕುವವರು ಇನ್ನೊಂದನ್ನು ಗಮನಿಸಬೇಕು. ಇರುವ ನೆಲದ ಮೇಲೆಯೇ ಗಾರೆ ಹಾಕಿ ಟೈಲ್ಸ್ ಕೂರಿಸಿದರೆ ನೆಲ ಎರಡು ಇಂಚಿನಷ್ಟು ಏರುತ್ತದೆ. ಬಾಗಿಲು ನೆಲಕ್ಕೆ ತಾಗುತ್ತದೆ, ಹೊಸ್ತಿಲು ಹೂತುಹೋಗುತ್ತದೆ, ಬಚ್ಚಲಿನ ನೀರು ಒಳಗೆ ಬರುವ ಅಥವಾ ಬಾರದಿರುವ ಲೆಕ್ಕವೇ ಬದಲಾಗುತ್ತದೆ. ಮೊದಲು ಪ್ರತಿ ಬಾಗಿಲ ಕೆಳಗಿನ ಜಾಗವನ್ನು ಅಳೆದು ಬರೆದುಕೊಳ್ಳಿ. ಆಮೇಲೆ ತೀರ್ಮಾನಿಸಿ.

ಕೆಲಸದ ಕ್ರಮವೂ ಮುಖ್ಯ. ನೀರಿನ ಪೈಪು, ವಿದ್ಯುತ್ತಿನ ಪೈಪು, ಗೋಡೆಯ ಗಿಲಾವು ಮುಗಿದ ಮೇಲೆ ನೆಲ. ನೆಲದ ಮೇಲೆ ಕಡೆಯ ಬಣ್ಣ. ಟೈಲಿನ ಅಡಿಯಲ್ಲಿ ಗಾರೆ ಎಲ್ಲ ಕಡೆ ತುಂಬಿರಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಕೂರಿಸಿದರೆ ನಡುವೆ ಟೊಳ್ಳು ಉಳಿದು, ಮುಂದೆ ತೆಂಗಿನಕಾಯಿ ಬಿದ್ದರೂ ಸಾಕು, ಟೈಲು ಸೀಳುತ್ತದೆ. ಮರುದಿನ ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳಿದ್ದಲ್ಲಿ ಡೊಳ್ಳಿನ ದನಿ ಬರುತ್ತದೆ. ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರುಣಿಸಬೇಕು. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ನೀರು ಸಾಲದಿದ್ದರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ.

ಕೂಲಿಯ ಮಾತನ್ನು ಬಾಯಲ್ಲಿ ಬಿಡದೆ ಒಂದು ಹಾಳೆಯಲ್ಲಿ ಬರೆಯಿರಿ. ಚದರ ಅಡಿಗೆ ಎಷ್ಟು, ಸ್ಕರ್ಟಿಂಗ್ ಅಡಿಗೆ ಎಷ್ಟು, ಮೆಟ್ಟಿಲು ಸೇರಿದೆಯೇ, ಪೆಟ್ಟಿಗೆ ಇಳಿಸುವ ಹಮಾಲಿ ಯಾರದು, ಸಂದು ತುಂಬಿ ನೆಲ ತೊಳೆದುಕೊಡುವುದು ಯಾರು. ಹಲವು ಮನೆಗಳಲ್ಲಿ ಕಡೆಯ ದಿನದ ಮನಸ್ತಾಪ ಹುಟ್ಟುವುದು ಈ ಐದು ಪ್ರಶ್ನೆಗಳಿಂದ. ಅಕ್ಷರ ಬಲ್ಲ ನೀವು ಅದನ್ನು ಬರೆದು ಎರಡೂ ಕಡೆಯವರಿಗೆ ಓದಿ ಹೇಳಿದರೆ ಮೇಸ್ತ್ರಿಗೂ ನ್ಯಾಯ, ಮನೆಯವರಿಗೂ ನ್ಯಾಯ.

ಹಾಗೆಯೇ ಕೆಲಸದವರ ಆರೋಗ್ಯವೂ ನಮ್ಮ ಲೆಕ್ಕದಲ್ಲಿರಲಿ. ಗ್ರಾನೈಟ್, ಟೈಲ್ಸ್ ಕತ್ತರಿಸುವಾಗ ಏಳುವ ಬಿಳಿಯ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಅದನ್ನು ಗುಣಪಡಿಸುವ ಮದ್ದಿಲ್ಲ. ಯಂತ್ರದ ಬಾಯಿಗೆ ಸಣ್ಣಗೆ ನೀರು ಬಿಟ್ಟು ಕತ್ತರಿಸಿದರೆ ಧೂಳು ಬಹಳ ಮಟ್ಟಿಗೆ ಏಳುವುದಿಲ್ಲ. ಮನೆಯೊಳಗೆ ಬೇಡ, ಹೊರಗೆ ಬಯಲಿನಲ್ಲಿ ಕತ್ತರಿಸಲಿ. ಆದರೆ ನೀರು ತಾಗಿದ ವಿದ್ಯುತ್ ಯಂತ್ರ ಅಪಾಯಕಾರಿ. ಇದಕ್ಕೆಂದೇ ತಯಾರಾದ ಯಂತ್ರ, ಸರಿಯಾದ ಅರ್ಥಿಂಗ್, ಮೂಗು ಬಾಯಿಗೆ ಒಳ್ಳೆಯ ಮುಖಗವಸು, ಇವಿಷ್ಟೂ ಇರಬೇಕು. ನಮ್ಮ ಮನೆಯ ನೆಲ ಹೊಳೆಯುವುದಕ್ಕಾಗಿ ಇನ್ನೊಬ್ಬರ ಉಸಿರು ಕುಂದಬಾರದು.

ವಿದ್ಯಾರ್ಥಿ ಮಿತ್ರರೇ, ಇಷ್ಟು ಹೊತ್ತು ಹೇಳಿದ್ದರಲ್ಲಿ ದುಬಾರಿಯ ಮಾತು ಬಹಳ ಇರಲಿಲ್ಲ. ಮಣ್ಣು ನೋಡುವುದು, ಅಳೆಯುವುದು, ಬರೆಯುವುದು, ಮೊದಲೇ ಹಣ ಎತ್ತಿಡುವುದು, ಇವೇ ಮುಖ್ಯ. ನಾಳೆ ಬಿಡುವಾದಾಗ ನಿಮ್ಮ ಮನೆಯ ಒಂದು ಕೋಣೆಯನ್ನು ಅಳೆಯಿರಿ. ಎದುರು ಬದುರಿನ ಗೋಡೆಗಳು ಸಮವಾಗಿವೆಯೇ, ಮೂಲೆ ಲಂಬಕೋನವೇ, ಹಾಕಿದ ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮನೆಯಲ್ಲಿ ನೆಲದ ಮಾತು ಬಂದ ದಿನ ಆ ಹಾಳೆಯನ್ನು ಹಿರಿಯರ ಮುಂದಿಡಿ.